ಕನ್ನಡಿ, ಕಲ್ಲು, ಮೊಬೈಲು: ಚೆಲುವಿನ ಬಗ್ಗೆ ಕೆಲವು ಮಾತು

(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಗೆ ಐವತ್ತು ತುಂಬಿದ ಈ ಸಂಭ್ರಮದಲ್ಲಿ ಚೆಲುವಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಕೇಳಿದರು. ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ವೆಂಕಟೇಶ ಅಯ್ಯಂಗಾರ್ಯರು ಇಲ್ಲಿಯವರು. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಕೋಲಾರ ಜಿಲ್ಲೆಗೆ ನೀರಿನ ಬರ ಬಂದಿರಬಹುದು, ಚೆಲುವನ್ನು ಕಾಣುವ ಕಣ್ಣಿನ ಬರ ಬಂದಿಲ್ಲ.

ಡಿವಿಜಿಯವರ ‘ಅಂತಃಪುರಗೀತೆ’ಯನ್ನು ನಿಮ್ಮಲ್ಲಿ ಅನೇಕರು ಹಾಡಾಗಿ ಕೇಳಿದ್ದೀರಿ. ಬೇಲೂರಿನ ಶಿಲಾಬಾಲಿಕೆಯರ ಮೇಲೆ ಕಟ್ಟಿದ ಹಾಡುಗಳು ಅವು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಚೆನ್ನಕೇಶವನ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿ ಇದ್ದಾಳೆ. ಅವಳು ನೋಡುತ್ತಿರುವುದು ತನ್ನ ಮುಖವನ್ನು. ಅವಳನ್ನು ನೋಡುವ ನಮಗೆ ಮಾತ್ರ ನಮ್ಮ ಮುಖ ಮರೆತುಹೋಗುತ್ತದೆ. ಚೆಲುವು ಮಾಡುವ ದೊಡ್ಡ ಉಪಕಾರ ಇದೇ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಪ್ರೊ. ಎಂ. ಹಿರಿಯಣ್ಣನವರು ಇದನ್ನು ಶಾಸ್ತ್ರವಾಗಿ ವಿವರಿಸಿದರು. ಕಲೆಯ ಮುಂದೆ ನಿಂತಾಗ ‘ನನಗೇನು ಲಾಭ’ ಎಂಬ ಲೆಕ್ಕ ಸ್ವಲ್ಪ ಹೊತ್ತು ನಿಲ್ಲುತ್ತದೆ; ಆ ಹೊತ್ತಿನ ಸುಖಕ್ಕೆ ಮೋಕ್ಷದ ಸುಖದ ಹೋಲಿಕೆ ಇದೆ ಎಂಬುದು ಅವರ ವಿಚಾರದ ಸಾರ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತೇ: ಚೆಲುವನ್ನು ಮೆಚ್ಚಲು ಅದು ನಮ್ಮದಾಗಬೇಕಿಲ್ಲ.

ಈಗ ಬೇಲೂರಿಗೆ ಹೋದವರು ಏನು ಮಾಡುತ್ತಾರೆ? ಶಿಲಾಬಾಲಿಕೆಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತಾರೆ. ನಮ್ಮ ಕೈಯ ಕನ್ನಡಿ ಮುಖ ತೋರಿಸಿ ಸುಮ್ಮನಿರುವುದಿಲ್ಲ. ಬಣ್ಣ ತಿಳಿ ಮಾಡುತ್ತದೆ, ಕೆನ್ನೆ ಸಣ್ಣ ಮಾಡುತ್ತದೆ, ಎಷ್ಟು ಜನ ಮೆಚ್ಚಿದರೆಂದು ಎಣಿಸಿ ಹೇಳುತ್ತದೆ. ಆಮೇಲೆ ಮನೆಯ ಕನ್ನಡಿ ನೋಡಿದ ಮಗುವಿಗೆ ತನ್ನ ಮುಖವೇ ಕಡಿಮೆ ಎನಿಸುತ್ತದೆ. ತೀರ ಹತ್ತಿರ ಹಿಡಿದ ಕ್ಯಾಮೆರಾ ಮೂಗನ್ನು ದೊಡ್ಡದಾಗಿ ತೋರಿಸುತ್ತದೆಂದು ವಿಜ್ಞಾನದ ಮೇಷ್ಟರಿಗೆ ಗೊತ್ತು. ಎಂಟನೇ ತರಗತಿಯ ಹುಡುಗಿಗೆ ಯಾರು ಹೇಳಬೇಕು? ಅವಳ ಕೊರಗೇ ವ್ಯಾಪಾರದ ಬಂಡವಾಳ. ತನ್ನ ಮುಖದ ಬಗ್ಗೆ ತೃಪ್ತಿ ಇರುವವಳು ಅಂಗಡಿಗೆ ಗಿರಾಕಿಯಲ್ಲ. ಜಾಹೀರಾತಿನಿಂದ ನಡೆಯುವ ಆಪ್‌ಗಳಿಗಂತೂ ನಮ್ಮ ಕಣ್ಣು ಪರದೆಯ ಮೇಲೆ ಇದ್ದಷ್ಟು ಹೊತ್ತೂ ಲಾಭ.

ಹಾಗೆಂದು ತಪ್ಪೆಲ್ಲ ಮೊಬೈಲಿನದಲ್ಲ. ಫೇರ್ ಅಂಡ್ ಲವ್ಲಿ ಕ್ರೀಮು 1975ರಲ್ಲೇ ಮಾರುಕಟ್ಟೆಗೆ ಬಂತು. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ಹೋಯಿತು. ನಮ್ಮ ಮನಸ್ಸಿನಿಂದ ಹೋಯಿತೇ? ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕಪ್ಪು ಕೃಷ್ಣಶಿಲೆಯಲ್ಲಿ ದೇವರನ್ನು ಕಡೆಯುತ್ತಾರೆ. ಎಣ್ಣೆ ಸವರಿದಷ್ಟೂ ಆ ಕಪ್ಪು ಹೊಳೆಯುತ್ತದೆ, ನಾವು ಕೈಮುಗಿಯುತ್ತೇವೆ. ಅದೇ ಕೈ ಮನೆಗೆ ಬಂದು ಮಗಳ ಕೆನ್ನೆಗೆ ಬೆಳ್ಳಗಾಗುವ ಕ್ರೀಮು ಹಚ್ಚುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ‘ಹುಡುಗಿ ಸ್ವಲ್ಪ ಕಪ್ಪು’ ಅನ್ನುತ್ತೇವೆ, ಅವಳ ಕಿವಿಗೆ ಬೀಳುವ ಹಾಗೆ. ಮೊಬೈಲು ಬಿತ್ತಿದ್ದು ನಾವು ಮೊದಲೇ ಉತ್ತಿಟ್ಟ ಹೊಲದಲ್ಲಿ.

ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡರೆ ಇದು ತೀರುವುದಿಲ್ಲ. ನೋಡುವುದನ್ನು ಕಲಿಸಬೇಕು. ಅದಕ್ಕೆ ಮೂರು ಕೋರಿಕೆ. ಗುರುಗಳೇ, ವರ್ಷಕ್ಕೊಮ್ಮೆ ಮಕ್ಕಳನ್ನು ಶಿವಾರಪಟ್ಟಣಕ್ಕೆ ಕರೆದುಕೊಂಡು ಹೋಗಿ. ಉಳಿಯ ಏಟಿಗೆ ಕಲ್ಲು ಕಣ್ಣು ಬಿಡುವುದನ್ನು ಒಂದು ಗಂಟೆ ಸುಮ್ಮನೆ ಕುಳಿತು ನೋಡಲಿ, ಫೋಟೋ ಆಮೇಲೆ. ತಂದೆತಾಯಿಯರೇ, ಮಕ್ಕಳ ಬಣ್ಣದ ಮಾತನ್ನು ಮನೆಯಲ್ಲಿ ನಿಲ್ಲಿಸಿ, ತಮಾಷೆಗೂ ಬೇಡ. ಸಮಿತಿಯವರೇ, ಸ್ಮರಣ ಸಂಚಿಕೆಯ ತರಗತಿ ಚಿತ್ರಗಳಲ್ಲಿ ಯಾರ ಮುಖವನ್ನೂ ಬೆಳ್ಳಗೆ ಮಾಡಿಸಬೇಡಿ. ಶತಮಾನೋತ್ಸವದ ಹೊತ್ತಿಗೆ ಮೊಮ್ಮಕ್ಕಳು ಆ ಪುಟ ತೆರೆದಾಗ ಈ ಮಕ್ಕಳು ಇದ್ದ ಹಾಗೆಯೇ ಕಾಣಲಿ.