ಮೊದಲ ಸೆಮಿಸ್ಟರಿಗೆ ಎಷ್ಟು ಹೊರೆ?



ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಗಾದಿಗನೂರಿನಂಥ ಊರಲ್ಲಿ ಈ ಪ್ರಶ್ನೆಯ ಜೊತೆಗೆ ದಿಕ್ಕಿನ ಪ್ರಶ್ನೆಯೂ ಇರುತ್ತದೆ. ಪಡುವಣಕ್ಕೆ ಪಾಪಿನಾಯಕನಹಳ್ಳಿ ದಾಟಿದರೆ ಹೊಸಪೇಟೆ. ಮೂಡಣಕ್ಕೆ ತೋರಣಗಲ್ಲು, ಕುಡಿತಿನಿ ದಾಟಿದರೆ ಬಳ್ಳಾರಿ. ಹೊಸಪೇಟೆಯಲ್ಲಿ ವಿಜಯನಗರ ಕಾಲೇಜಿದೆ, ಶಂಕರ್ ಆನಂದ್ ಸಿಂಗ್ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಸಂಡೂರಲ್ಲಿ, ಕಂಪ್ಲಿಯಲ್ಲಿ ಕೂಡ ಸರ್ಕಾರಿ ಪದವಿ ಕಾಲೇಜುಗಳಿವೆ. ಇವೆಲ್ಲ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಗುಲಬರ್ಗಾ ವಿಶ್ವವಿದ್ಯಾಲಯದ ಕೈಕೆಳಗಿದ್ದ ಈ ಭಾಗಕ್ಕೆ 2010ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ಹಾಗಾಗಿ ಯಾವ ಕಾಲೇಜಿಗೆ ಹೋದರೂ ಪಠ್ಯ ಹೆಚ್ಚುಕಡಿಮೆ ಅದೇ. ಬೇರೆಯಾಗುವುದು ಹೋಗಿಬರುವ ದಾರಿ, ಮತ್ತು ಅಲ್ಲಿ ಸಿಗುವ ವಿಷಯಗಳ ಕಾಂಬಿನೇಷನ್.

ಕಾಲೇಜಿಗೆ ಹೊಸದಾಗಿ ಕಾಲಿಡುವವರು ಮೊದಲ ಸೆಮಿಸ್ಟರಿನಲ್ಲಿ ಎಷ್ಟು ಹೊರೆ ಹೊರಬೇಕು ಎಂಬುದು ಇವತ್ತಿನ ವಿಷಯ. ಅಮೆರಿಕದ ಕಾಲೇಜುಗಳಲ್ಲಿ ಈ ಪ್ರಶ್ನೆಗೆ ನೇರ ಲೆಕ್ಕವಿದೆ. ಅಲ್ಲಿ ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಂಡವರು ಪೂರ್ಣಾವಧಿ ವಿದ್ಯಾರ್ಥಿ ಅನ್ನಿಸಿಕೊಳ್ಳುತ್ತಾರೆ, 15ರಂತೆ ತೆಗೆದುಕೊಂಡು ಹೋದವರು ನಾಲ್ಕು ವರ್ಷಕ್ಕೆ ಪದವಿ ಮುಗಿಸುತ್ತಾರೆ. ಎಷ್ಟು ಅನ್ನುವುದು ವಿದ್ಯಾರ್ಥಿಯ ಆಯ್ಕೆ. ನಮ್ಮಲ್ಲಿ ಹಾಗಿಲ್ಲ. ಸೆಮಿಸ್ಟರಿಗೆ ಎಷ್ಟು ಪೇಪರು ಎಂಬುದನ್ನು ವಿಶ್ವವಿದ್ಯಾಲಯ ಮೊದಲೇ ಬರೆದಿಟ್ಟಿರುತ್ತದೆ. ಒಂದು ಕಡಿಮೆ ಮಾಡಿಕೊಡಿ ಎಂದು ಕೇಳಿದರೆ ಆಫೀಸಿನ ಕ್ಲರ್ಕು ಮುಖ ನೋಡಿ ನಕ್ಕಾರು.

ಹಾಗಿದ್ದರೆ ನಮ್ಮ ಹುಡುಗರ ಕೈಯಲ್ಲಿ ಏನೂ ಇಲ್ಲವೆ? ಇದೆ. ಪೇಪರಿನ ಸಂಖ್ಯೆ ಕೈಯಲ್ಲಿಲ್ಲ, ಅದರ ತೂಕ ಕೈಯಲ್ಲಿದೆ. ಆ ತೂಕ ಬಹುಪಾಲು ತೀರ್ಮಾನವಾಗುವುದು ಪ್ರವೇಶದ ಒಂದೆರಡು ವಾರಗಳಲ್ಲಿ, ಅದೂ ತೀರಾ ಅವಸರದಲ್ಲಿ. “ಏನ್ ತಗೊಂಡಾನ್ರಿ ನಿಮ್ಮ ಹುಡುಗ?” ಎಂದು ಕೇಳಿದರೆ, “ಅವನ ಗೆಳೆಯ ತಗೊಂಡಿದ್ದನ್ನ ತಗೊಂಡಾನ್ರಿ” ಎನ್ನುವ ಉತ್ತರ ನಮ್ಮ ಕಡೆ ಹೊಸದಲ್ಲ.

ಮೊದಲು ಕ್ರೆಡಿಟ್ ಎಂದರೇನು ನೋಡೋಣ, ಏಕೆಂದರೆ ಅಂಕಪಟ್ಟಿಯಲ್ಲಿ ಕಾಣುವ ಆ ಪುಟ್ಟ ಅಂಕಿಯ ಹಿಂದೆ ಗಂಟೆಗಳಿವೆ. ವಾರಕ್ಕೆ ಒಂದು ಗಂಟೆ ಪಾಠ ಸೆಮಿಸ್ಟರು ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ಅದೇ ಒಂದು ಕ್ರೆಡಿಟ್‌ಗೆ ವಾರಕ್ಕೆ ಎರಡು ಗಂಟೆ. 2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೂ ಬಿಡಿಸಿ ಹೇಳುತ್ತದೆ: ವರ್ಷಕ್ಕೆ 40 ಕ್ರೆಡಿಟ್, ಅದಕ್ಕೆ 1200 ಗಂಟೆ ಕಲಿಕೆ. ಪಾಠ, ಪ್ರಾಕ್ಟಿಕಲ್, ಅಸೈನ್‌ಮೆಂಟ್, ಮನೆಯ ಓದು ಎಲ್ಲ ಸೇರಿದ ಗಂಟೆ ಅದು. ಅಂದರೆ 20 ಕ್ರೆಡಿಟ್‌ನ ಒಂದು ಸೆಮಿಸ್ಟರಿಗೆ 600 ಗಂಟೆ. ಹದಿನೈದು ವಾರಕ್ಕೆ ಹಂಚಿದರೆ ವಾರಕ್ಕೆ 40. ಅದರಲ್ಲಿ ಅರ್ಧ ತರಗತಿಯಲ್ಲಿ ಮುಗಿಯಿತೆಂದರೂ ಉಳಿದ 20 ಗಂಟೆ ನಾವೇ ಕೂತು ಓದಬೇಕಾದದ್ದು. ವಾರದ ಆರು ದಿನಕ್ಕೆ ದಿನವೊಂದಕ್ಕೆ ಮೂರು ಗಂಟೆಯ ಮೇಲೆ. ನಮ್ಮ ಪದವಿಗಳಲ್ಲಿ ಸೆಮಿಸ್ಟರಿಗೆ ಇದಕ್ಕಿಂತ ಹೆಚ್ಚು ಕ್ರೆಡಿಟ್ ಇರುವುದೇ ಸಾಮಾನ್ಯ.

ಈಗ ಇದಕ್ಕೆ ಗಾದಿಗನೂರಿನ ದಾರಿ ಸೇರಿಸಿ. ನಿಲ್ದಾಣದಲ್ಲಿ ಪ್ಯಾಸೆಂಜರ್ ರೈಲು ನಿಲ್ಲುತ್ತದೆ, ಹೆದ್ದಾರಿಯಲ್ಲಿ ಬಸ್ಸಿದೆ. ಆದರೆ ರೈಲಿನ ವೇಳೆಗೂ ಕಾಲೇಜಿನ ಗಂಟೆಗೂ ಹೊಂದಬೇಕಲ್ಲ. ಹೋಗಿಬರುವುದಕ್ಕೆ, ಬಸ್ಸಿಗೆ ಕಾಯುವುದಕ್ಕೆ ದಿನಕ್ಕೆ ಎರಡು ಗಂಟೆ ಹಿಡಿದರೂ ವಾರಕ್ಕೆ 12 ಗಂಟೆ ಅಲ್ಲೇ ಹೋಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಇದು ದೊಡ್ಡ ವಿಷಯ, ಹಗುರವಾಗಿ ಹೇಳುವಂಥದ್ದಲ್ಲ. ಆದರೆ ಚಾರ್ಜು ತಪ್ಪಿದರೂ ಸಮಯ ತಪ್ಪುವುದಿಲ್ಲ. ಸಂಜೆ ಮನೆಗೆ ಬಂದ ಮಗಳ ಕೈಗೆ ಕಸಬರಿಗೆ ಕೊಟ್ಟು, ಬಂದ ಮಗನ ಕೈಗೆ ಚಹಾ ಕೊಡುವ ಮನೆಗಳಲ್ಲಿ ಇಬ್ಬರ ಸೆಮಿಸ್ಟರಿನ ಹೊರೆ ಒಂದೇ ಅಲ್ಲ. ಇದನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ.

ಕಾಂಬಿನೇಷನ್ ವಿಷಯಕ್ಕೆ ಬರೋಣ. ಇಲ್ಲಿ ಒಂದು ಎಚ್ಚರ ಬೇಕು. ಅಣ್ಣನ ಸಲಹೆ ತಮ್ಮನಿಗೆ ಹೊಂದದ ಕಾಲವಿದು. 2020ರಲ್ಲಿ ಬಿ.ಎ. ಸೇರಿದವರು ಮೂರು ಮುಖ್ಯ ವಿಷಯ ಓದಿದರು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾಗಿ ಎರಡು ಮುಖ್ಯ ವಿಷಯ, ಒಂದು ಮುಕ್ತ ಆಯ್ಕೆ, ಡಿಜಿಟಲ್ ಫ್ಲೂಯೆನ್ಸಿ, ಯೋಗ ಇತ್ಯಾದಿ ಬಂದವು, ನಾಲ್ಕು ವರ್ಷದ ಆನರ್ಸ್ ಮಾತೂ ಬಂತು. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ, ಮೂರು ವಿಷಯದ ಪದ್ಧತಿಗೆ ಮರಳಿತು. ಒಂದೇ ಮನೆಯ ಮೂವರು ಮಕ್ಕಳು ಮೂರು ಬಗೆಯ ಬಿ.ಎ. ಓದಿರಬಹುದು. ಆದ್ದರಿಂದ “ನಮ್ಮಕ್ಕ ಹಿಂಗ ಮಾಡಿದ್ಳು” ಎಂಬುದನ್ನು ಕೇಳಿಸಿಕೊಳ್ಳಿ, ನಂಬುವ ಮುಂಚೆ ಈ ವರ್ಷದ ಸುತ್ತೋಲೆ ನೋಡಿ.

ಮೂರು ವಿಷಯಗಳನ್ನು ಆರಿಸುವಾಗ ಹೆಸರಿಗೆ ಮೋಸ ಹೋಗಬಾರದು. ಭೂಗೋಳಶಾಸ್ತ್ರ ಕಲಾ ವಿಭಾಗದಲ್ಲಿದೆ, ಆದರೆ ಅದಕ್ಕೆ ಪ್ರಾಕ್ಟಿಕಲ್ ಇದೆ, ನಕ್ಷೆ ಬರೆಯುವ ಕೆಲಸ ಇದೆ. ಮನಶ್ಶಾಸ್ತ್ರಕ್ಕೂ ಪ್ರಾಕ್ಟಿಕಲ್ ಇದೆ. ಇವೆರಡನ್ನೂ ಒಟ್ಟಿಗೆ ತೆಗೆದುಕೊಂಡವರು ಬಿ.ಎ.ಯಲ್ಲಿದ್ದೂ ವಿಜ್ಞಾನದವರಂತೆ ರೆಕಾರ್ಡ್ ಬರೆಯುತ್ತಾ ಕೂರುತ್ತಾರೆ. ಅರ್ಥಶಾಸ್ತ್ರದಲ್ಲಿ ರೇಖಾಚಿತ್ರ, ಲೆಕ್ಕ ಬರುತ್ತವೆ. ಇನ್ನು ಐಚ್ಛಿಕ ಕನ್ನಡ. ಮನೆಮಾತು ತಾನೆ, ಸುಲಭ ಎಂದುಕೊಂಡು ಬರುವವರು ಬಹಳ. ಹರಿಹರ, ರಾಘವಾಂಕರ ಹಂಪಿ ಇಲ್ಲೇ ಪಕ್ಕದಲ್ಲಿದೆ ಎಂದ ಮಾತ್ರಕ್ಕೆ ಹಳಗನ್ನಡ, ನಡುಗನ್ನಡ, ಛಂದಸ್ಸು ತಾವಾಗಿಯೇ ಒಲಿಯುವುದಿಲ್ಲ. ಇಷ್ಟವಿದ್ದವರಿಗೆ ಇದಕ್ಕಿಂತ ಸೊಗಸಾದ ವಿಷಯ ಇನ್ನೊಂದಿಲ್ಲ. ಹಗುರವೆಂದು ಬಂದವರಿಗೆ ಮೊದಲ ಪದ್ಯದಲ್ಲೇ ಏದುಸಿರು. ಇತಿಹಾಸದ ಮಾತು ಬೇರೆ. ಪುಸ್ತಕದಲ್ಲಿ ಓದಿದ್ದನ್ನು ಭಾನುವಾರ ಹೋಗಿ ಕಣ್ಣಾರೆ ನೋಡುವ ಅನುಕೂಲ ಹೊಸಪೇಟೆಯ ವಿದ್ಯಾರ್ಥಿಗೆ ಇರುವಷ್ಟು ಬೇರೆಯವರಿಗಿಲ್ಲ. ನನ್ನನ್ನು ಕೇಳಿದರೆ, ಮೂರರಲ್ಲಿ ಒಂದಾದರೂ ಪಿಯುಸಿಯಲ್ಲಿ ಚೆನ್ನಾಗಿ ಓದಿದ್ದು ಇರಲಿ, ಪ್ರಾಕ್ಟಿಕಲ್ ಇರುವುದು ಒಂದಕ್ಕಿಂತ ಹೆಚ್ಚು ಬೇಡ.

ಬಿ.ಎಸ್ಸಿ.ಯವರಿಗೆ ಪ್ರಾಕ್ಟಿಕಲ್ ಕಡಿಮೆ ಮಾಡಿಕೊಳ್ಳುವ ಈ ಸೌಲಭ್ಯವಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಂದರೂ, ಜೀವಶಾಸ್ತ್ರಗಳು ಎಂದರೂ ಪ್ರಯೋಗಾಲಯ ತಪ್ಪದು. ವಾರದ ಕೆಲವು ಮಧ್ಯಾಹ್ನಗಳು ಲ್ಯಾಬಿನದೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಬರೆಯುವ ಕಷ್ಟ ಇದರ ಮೇಲೆ. ಅವರು ಮೊದಲ ಸೆಮಿಸ್ಟರಿನಲ್ಲಿ ಹೊರಗಿನದು ಏನನ್ನೂ ಹಚ್ಚಿಕೊಳ್ಳದಿರುವುದೇ ಲೇಸು. ಬಿ.ಕಾಂ.ಗೆ ಪಿಯುಸಿ ಕಲಾ ವಿಭಾಗದಿಂದ ಬರುವವರಿದ್ದಾರೆ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಎಂದು ತಿಳಿಯುವ ಹೊತ್ತಿಗೆ ಪಕ್ಕದಲ್ಲಿ ಕೂತವನು ಅಂತಿಮ ಲೆಕ್ಕ ಮಾಡಿರುತ್ತಾನೆ. ಅಂಥವರು ಪ್ರವೇಶಕ್ಕೂ ಪಾಠಕ್ಕೂ ನಡುವಿನ ಬಿಡುವಿನಲ್ಲಿ ಪಿಯುಸಿ ಲೆಕ್ಕಶಾಸ್ತ್ರದ ಪುಸ್ತಕವನ್ನೇ ಒಮ್ಮೆ ಮಾಡಿ ಮುಗಿಸಿದರೆ ಅರ್ಧ ಭಾರ ಇಳಿಯುತ್ತದೆ. ಎಂಜಿನಿಯರಿಂಗ್‌ನಲ್ಲಂತೂ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಕಾಲೇಜೇ ಹಂಚಿಬಿಡುತ್ತದೆ.

ಕಾಲೇಜಿನ ಹೊರಗಿನ ಹೊರೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. 2022ರಲ್ಲಿ ಯುಜಿಸಿ ಒಟ್ಟಿಗೆ ಎರಡು ಪದವಿ ಓದಲು ಅನುಮತಿ ಕೊಟ್ಟಿತು. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಆಗಬಹುದು. ವೇಳೆ ಹೊಂದಿದರೆ ಎರಡೂ ರೆಗ್ಯುಲರ್ ಆಗಬಹುದು. ಕೇಳಲು ಚೆಂದ. ಆದರೆ ಈಗ ಹೇಳಿದ 40 ಗಂಟೆಯ ವಾರ ನೆನಪಿಡಿ. ಮೊದಲ ವರ್ಷದಲ್ಲೇ ಎರಡು ಪದವಿಗೆ ಕೈಹಾಕುವುದು ನನ್ನ ಮಟ್ಟಿಗೆ ದುಸ್ಸಾಹಸ. ಹಾಗೆಯೇ ಪಿಡಿಒ, ಪಿಎಸ್ಐ ಆಗಬೇಕೆಂದು ಮೊದಲ ಸೆಮಿಸ್ಟರಿನಲ್ಲೇ ಕೋಚಿಂಗ್ ಸೇರುವವರು. ಆ ಹುದ್ದೆಗಳಿಗೆ ಪದವಿ ಬೇಕು. ಪದವಿಗೆ ಇನ್ನೂ ಮೂರು ವರ್ಷವಿದೆ. ದಿನಪತ್ರಿಕೆ ಓದುವ ರೂಢಿ ಮಾಡಿಕೊಂಡರೆ ಸದ್ಯಕ್ಕೆ ಅಷ್ಟೇ ಸಾಕು. ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾ ಓದುವ ಹುಡುಗರ ಮಾತು ಬೇರೆ. ಅವರದು ಹಂಬಲವಲ್ಲ, ಮನೆಯ ಅಗತ್ಯ. ಅವರಿಗೆ ಬುದ್ಧಿವಾದ ಹೇಳುವ ಅರ್ಹತೆ ನನಗಿಲ್ಲ. ಇಷ್ಟು ಮಾತ್ರ: ನೈಟ್ ಶಿಫ್ಟ್ ಮುಗಿಸಿ ಬಂದು ಕ್ಲಾಸಿನಲ್ಲಿ ನಿದ್ದೆ ಮಾಡುವ ಬದಲು, ಕೆಲಸ ಬಿಡಲಾಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಅದೇ ಬಿ.ಎ., ಬಿ.ಕಾಂ. ಓದಬಹುದು. ದಿನದ ಹಾಜರಾತಿಯ ಕಾಟ ಅಲ್ಲಿಲ್ಲ. ರೆಗ್ಯುಲರ್ ಕಾಲೇಜಿನಲ್ಲಿ ಶೇಕಡ 75 ಹಾಜರಾತಿ ಇಲ್ಲದವರು ಪರೀಕ್ಷೆಗೆ ಕೂರುವುದೇ ಕಷ್ಟ.

“ಒಂದು ಸಬ್ಜೆಕ್ಟ್ ಹೋದ್ರ ಹೋಗ್ಲಿ, ಮುಂದ ಕಟ್ಟಿದ್ರಾತು” ಎನ್ನುವವರೂ ಇದ್ದಾರೆ. ಕಟ್ಟಬಹುದು, ನಿಜ. ಆದರೆ ಮೊದಲ ಸೆಮಿಸ್ಟರಿನ ಪೇಪರು ಸಾಮಾನ್ಯವಾಗಿ ಮತ್ತೆ ಬರುವುದು ಮುಂದಿನ ವರ್ಷ, ಮೂರನೇ ಸೆಮಿಸ್ಟರಿನ ಪರೀಕ್ಷೆಯ ಜೊತೆಯಲ್ಲಿ. ಆಗ ಮೂರನೆಯದರ ಪೇಪರುಗಳಷ್ಟನ್ನೂ ಬರೆದು, ಇದನ್ನೂ ಬರೆಯಬೇಕು. ಒಂದು ಸಲ ಬ್ಯಾಕ್‌ಲಾಗ್ ಸೇರಿಕೊಂಡರೆ ಅದರ ಬೆನ್ನಿಗೆ ಇನ್ನೊಂದು ಬರುವುದು ಈ ಕಾರಣಕ್ಕೆ, ಹುಡುಗ ದಡ್ಡನೆಂದಲ್ಲ.

ಪದವಿ ಕಾಲೇಜುಗಳ ಪ್ರವೇಶವೆಲ್ಲ ಈಗ ಯುಯುಸಿಎಂಎಸ್ ಎಂಬ ಆನ್‌ಲೈನ್ ಪೋರ್ಟಲ್ ಮೂಲಕ ನಡೆಯುತ್ತದೆ. ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ತುಂಬುವಾಗ ಅಂಗಡಿಯವನೇ ಯಾವುದೋ ಕಾಂಬಿನೇಷನ್ ಒತ್ತಿಬಿಡುವುದುಂಟು. ಹಾಗಾಗಿ ವಿಷಯಗಳನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ತರಗತಿ ಶುರುವಾದ ಮೊದಲ ದಿನಗಳಲ್ಲಿ ವಿಷಯ ಹೊಂದದು ಅನ್ನಿಸಿದರೆ ನಾಚಿಕೆ ಬೇಡ, ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಪ್ರವೇಶದ ಕೊನೆಯ ದಿನ ದಾಟಿ, ಹೆಸರು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಬದಲಾವಣೆ ಬಲು ಕಷ್ಟ.

ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಪ್ರವೇಶದ ಕೌಂಟರಿನ ಪಕ್ಕದಲ್ಲಿ ಹೋದ ವರ್ಷದ ಮೊದಲ ಸೆಮಿಸ್ಟರಿನ ಟೈಮ್ ಟೇಬಲ್ ಒಂದನ್ನು ಅಂಟಿಸಿ. ಯಾವ ಕಾಂಬಿನೇಷನ್ ತೆಗೆದುಕೊಂಡರೆ ಸಂಜೆ ಎಷ್ಟು ಗಂಟೆಗೆ ಬಿಡುವು, ಗಾದಿಗನೂರಿನ ಬಸ್ಸು ಸಿಗುತ್ತದೆಯೋ ಇಲ್ಲವೋ ಎಂಬುದು ಹುಡುಗಿಗೂ ಅವಳ ಅಪ್ಪನಿಗೂ ಸಹಿ ಹಾಕುವ ಮೊದಲೇ ಕಾಣಲಿ.