ಗಂಟಲ ಕಲ್ಲಿಗೂ ಎದೆಯ ಕೆಮ್ಮಿಗೂ ಏನು ನಂಟು?

ವೀಕ್ಷಕರೇ, ಕೆಮ್ಮಿದಾಗ ಅಕ್ಕಿನುಚ್ಚಿನಷ್ಟು ದೊಡ್ಡ, ಹಳದಿ ಬಣ್ಣದ ಚೂರೊಂದು ಬಾಯಿಗೆ ಬಂದು, ಅದರ ನಾತಕ್ಕೆ ನೀವೇ ಬೆಚ್ಚಿಬಿದ್ದಿದ್ದೀರಾ? ಅದು ಬಹುಮಟ್ಟಿಗೆ ಟಾನ್ಸಿಲ್ ಕಲ್ಲು. ಟಾನ್ಸಿಲ್ ಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಊಟದ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಅಲ್ಲಿ ಸಿಕ್ಕಿಕೊಂಡು, ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತೆ. ನಾನು ಓದಿದ್ದು ಇಂಜಿನಿಯರಿಂಗ್, ನನಗೆ ಹೊಳೆಯೋ ಹೋಲಿಕೆ ಇದು: ಬೋರ್‌ವೆಲ್ ನೀರಿಗೆ ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಹೆಚ್ಚೂಕಡಿಮೆ ಹಾಗೆ. ನಾತ ಮಾತ್ರ ಬ್ಯಾಕ್ಟೀರಿಯಾ ಬಿಡುವ ಗಂಧಕದ ಅನಿಲದ್ದು.

ಇದು ಶ್ವಾಸಕೋಶಕ್ಕೆ ಇಳಿಯುತ್ತಾ? ಸಾಮಾನ್ಯವಾಗಿ ಇಲ್ಲ. ಕಳಚಿದ ಕಲ್ಲನ್ನು ಉಗುಳ್ತೀವಿ, ಇಲ್ಲಾಂದ್ರೆ ನುಂಗ್ತೀವಿ. ಶ್ವಾಸನಾಳಕ್ಕೆ ಜಾರೋದು ತೀರಾ ಅಪರೂಪ.

ನನ್ನ ತಕರಾರಿರೋದು "ಟಾನ್ಸಿಲ್ ಕಲ್ಲು ಕಣ್ರೀ" ಅಂತ ಉಪ್ಪುನೀರು ಮುಕ್ಕಳಿಸುತ್ತಾ ತಿಂಗಳುಗಟ್ಟಲೆ ಕೆಮ್ಮುವವರ ಬಗ್ಗೆ. ಉಪ್ಪುನೀರು ಗಂಟಲಿಗೆ ಒಳ್ಳೆಯದೇ. (ಪಿನ್ನು ಹಾಕಿ ಕೆದಕಬೇಡಿ, ದಯವಿಟ್ಟು.) ಆದರೆ 2 ವಾರ ದಾಟಿದ ಕೆಮ್ಮು, ಸಂಜೆ ಜ್ವರ, ಇಳಿಯುತ್ತಿರುವ ತೂಕ, ಇವು ಕಲ್ಲಿನ ಕೆಲಸವಲ್ಲ. ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯ ಅಂತ ಗೊತ್ತಾದರೆ ಔಷಧಿಯೂ ಉಚಿತ. ಕಫದಲ್ಲಿ ರಕ್ತ ಕಂಡರೆ ಆ 2 ವಾರವೂ ಕಾಯಬೇಡಿ, ಇವತ್ತೇ ಹೋಗಿ.