ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ: ಲೆಕ್ಕ ಇಬ್ಬರದೂ ಆಗಲಿ



ಇಂದಿನ ಶುಭಸಂದೇಶದಲ್ಲಿ ಸಂತ ಜೋಸೆಫರು ಒಂದು ಮಾತನ್ನೂ ಆಡುವುದಿಲ್ಲ. ಕನಸಿನಲ್ಲಿ ದೇವದೂತನ ಎಚ್ಚರಿಕೆ ಬಂತು. ರಾತ್ರಿಯಲ್ಲೇ ಎದ್ದರು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ‘ಮಗುವಿನ ಚಿಂತೆ ತಾಯಿಗೆ ಬಿಟ್ಟದ್ದು’ ಎಂದು ಮಗ್ಗುಲು ಬದಲಿಸಿ ಮಲಗಲಿಲ್ಲ.

ಈ ಹಬ್ಬದಂದು ಕುಟುಂಬ ಪ್ರಾರ್ಥನೆ, ಜಪಸರ, ಮಕ್ಕಳ ಓದು ಇವುಗಳ ಬಗ್ಗೆ ಕೇಳಿ ನಿಮಗೆ ರೂಢಿಯಾಗಿದೆ. ಇಂದು ಬೇರೆ ವಿಷಯ. ಚಿಕ್ಕ ಮಕ್ಕಳನ್ನು ಸಿಸ್ಟರ್‌ನವರು ಗೋದಲಿ ತೋರಿಸಲು ಕರೆದೊಯ್ದಿದ್ದಾರೆ. ಹಿರಿಯರು ಮುಜುಗರಪಡಬೇಡಿ; ಪಿಸುಮಾತಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳಿಬಿಡುವುದು ಒಳ್ಳೆಯದು. ‘ಫಾದರ್, ದಿನ ಲೆಕ್ಕ ಹಾಕುವ ಪದ್ಧತಿಯನ್ನು ನಂಬಬಹುದೇ?’ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಊರಿನವರಾದರೂ ಹೀಗೆ ಕೇಳುವವರು ಹೆಂಗಸರೇ. ಒಬ್ಬ ಗಂಡಸೂ ಕೇಳಿದ್ದಿಲ್ಲ.

ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮಕ್ಕಳನ್ನು ಹೆರುವ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ. ಮಕ್ಕಳ ಭಾರ, ಅಂತರದ ಭಾರ, ಕತ್ತರಿಯ ಭಾರ ಎಲ್ಲವೂ ಅವಳ ಮೇಲೆ.

ಧರ್ಮಸಭೆ ಏನು ಹೇಳುತ್ತದೆ? 1968ರ ಜುಲೈ 25ರಂದು ಜಗದ್ಗುರು ಆರನೇ ಪೌಲರು ‘ಹ್ಯುಮಾನೆ ವೀಟೆ’ ಎಂಬ ವಿಶ್ವಪತ್ರದಲ್ಲಿ, ಗಂಭೀರ ಕಾರಣವಿದ್ದಾಗ ಗರ್ಭ ನಿಲ್ಲದ ದಿನಗಳನ್ನು ಆರಿಸಿಕೊಂಡು ಮಕ್ಕಳ ನಡುವೆ ಅಂತರ ಇಡಬಹುದು, ಕೃತಕ ವಿಧಾನಗಳು ಬೇಡ ಎಂದು ಬೋಧಿಸಿದರು. 2015ರಲ್ಲಿ ಮನಿಲಾದಿಂದ ಮರಳುವಾಗ ಜಗದ್ಗುರು ಫ್ರಾನ್ಸಿಸರು, ಒಳ್ಳೆಯ ಕಥೋಲಿಕರಾಗಲು ಮೊಲಗಳಂತೆ ಮಕ್ಕಳನ್ನು ಹೆರಬೇಕಿಲ್ಲ ಎಂದು ನೇರವಾಗಿಯೇ ಹೇಳಿದ್ದರು. ಬೋಧನೆ ಇಷ್ಟು. ಆದರೆ ನೀವು ಕೇಳುತ್ತಿರುವುದು ಬೋಧನೆಯನ್ನಲ್ಲ. ಅದು ಕೈಕೊಡುತ್ತದೆಯೋ ಇಲ್ಲವೋ ಎಂಬುದನ್ನು. ಅದಕ್ಕೂ ಪ್ರಾಮಾಣಿಕ ಉತ್ತರ ಕೊಡುವುದು ಗುರುಗಳ ಕರ್ತವ್ಯ.

ಮೊದಲು ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಗತಿ. 1952ರಲ್ಲಿ, ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಡಾ. ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ವೈದ್ಯರ ಸಲಹೆಯಂತೆ ಈ ದಿನ ಲೆಕ್ಕದ ಪ್ರಯೋಗ ಎರಡು ಕಡೆ ನಡೆಯಿತು. ಒಂದು ದೆಹಲಿಯ ಲೋದಿ ಕಾಲೋನಿ, ಇನ್ನೊಂದು ಆಗಿನ ಮೈಸೂರು ರಾಜ್ಯದ ರಾಮನಗರ. ಅಕ್ಷರ ಬಾರದ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ದೂರ ಇರಬೇಕು. ಕತ್ತಲಲ್ಲಿ ಬಣ್ಣ ಕಾಣದೆ ಪೇಚಾಡಿದರಂತೆ, ನಾಲ್ಕು ಜನರ ಮುಂದೆ ಆ ಸರ ಹಾಕಿಕೊಳ್ಳಲು ನಾಚಿದರಂತೆ. ಕೊರಳಲ್ಲಿ ಮಣಿಸರ ಇದ್ದರೆ ಸಾಕು ಎಂದುಕೊಂಡವರೂ ಇದ್ದರಂತೆ. ನಗಬೇಡಿ. ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರೆ ಸಾಕು ಎಂದುಕೊಳ್ಳುವವರಿಗೂ ಅವರಿಗೂ ಏನು ವ್ಯತ್ಯಾಸ? ಬರೀ ಮುಟ್ಟಿನ ತಾರೀಖು ಕೇಳಿ ಲೆಕ್ಕ ಹೇಳುವ ಆ್ಯಪ್ ಗೋಡೆಯ ಕ್ಯಾಲೆಂಡರಿಗಿಂತ ಹೆಚ್ಚೇನನ್ನೂ ಬಲ್ಲದ್ದಲ್ಲ.

ಕ್ಯಾಲೆಂಡರ್ ಎಡವುವುದು ಇಲ್ಲಿ. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಿಂದಿನಿಂದ ಎಣಿಸಬೇಕಾದ ಲೆಕ್ಕ ಇದು. ಮುಂದಿನ ಮುಟ್ಟು ಎಂದು ಬರುತ್ತದೆಂದು ಮೊದಲೇ ಬಲ್ಲವರಾರು? ಜ್ವರ ಬಂದರೆ, ನಿದ್ದೆಗೆಟ್ಟರೆ, ಮನಸ್ಸಿಗೆ ಚಿಂತೆ ಹತ್ತಿದರೆ ದಿನ ಹಿಂದೆಮುಂದೆ ಆಗುತ್ತದೆ. ಅಂಡಾಣು ಒಂದು ದಿನದೊಳಗೆ ಸಾಯುತ್ತದೆ, ಆದರೆ ವೀರ್ಯಾಣು 5 ದಿನ ಬದುಕಿರಬಲ್ಲದು. ಆದ್ದರಿಂದ ಗರ್ಭ ನಿಲ್ಲುವ ದಿನಗಳು ಸುಮಾರು ಆರು, ಮತ್ತು ಅವು ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುವುದಿಲ್ಲ.

ಆ ದಿನಗಳನ್ನು ದೇಹವೇ ತಿಳಿಸುತ್ತದೆ ಎಂದು ತೋರಿಸಿಕೊಟ್ಟವರು ಮೆಲ್ಬರ್ನಿನ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲಿಂಗ್ಸ್. ಅಂಡಾಣು ಬರುವ ಮುನ್ನ ಸ್ರಾವವು ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಜಾರುವಂತೆ ಆಗುತ್ತದೆ. ನಮ್ಮ ಕಡೆ ಎಲ್ಲ ಬಿಳಿಸ್ರಾವವನ್ನೂ ರೋಗವೆಂದು ತಿಳಿದು ಹೆಣ್ಣುಮಕ್ಕಳು ಹೆದರುತ್ತಾರೆ. ವಾಸನೆ, ತುರಿಕೆ ಇದ್ದರೆ ರೋಗ, ಡಾಕ್ಟರ್ ಬಳಿ ಹೋಗಿ. ಇಲ್ಲದಿದ್ದರೆ ಅದು ಸೃಷ್ಟಿಕರ್ತ ಇಟ್ಟ ಗುರುತು.

ಇದನ್ನು ಪರೀಕ್ಷಿಸಿದ್ದೂ ಆಗಿದೆ. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಐದು ದೇಶಗಳಲ್ಲಿ ನಡೆಸಿದ ಅಧ್ಯಯನದ ಭಾರತದ ಕೇಂದ್ರ ನಮ್ಮ ಬೆಂಗಳೂರೇ. ಕಲಿಸಿದ ಮೊದಲ ತಿಂಗಳಲ್ಲೇ 100ರಲ್ಲಿ 90ಕ್ಕೂ ಹೆಚ್ಚು ಮಹಿಳೆಯರು ಗುರುತನ್ನು ಕಂಡುಕೊಂಡರು. ಓದು ಬಾರದವರೂ ಕಲಿತರು. ಮುಂದಿನ ಹಂತದಲ್ಲಿ 725 ಮಹಿಳೆಯರಿದ್ದರು. 1981ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದು ವರ್ಷದಲ್ಲಿ 100ರಲ್ಲಿ ಸುಮಾರು 20 ಮಂದಿ ಗರ್ಭಿಣಿಯರಾದರು. ನಿಯಮವನ್ನು ತಪ್ಪದೆ ಪಾಲಿಸಿದಾಗಲಾದರೋ ಆ ಸಂಖ್ಯೆ ಸುಮಾರು 3.

ಪ್ರಿಯರೇ, ಈ 3ಕ್ಕೂ 20ಕ್ಕೂ ನಡುವೆ ಇರುವವರು ಯಾರು? ಹೆಂಗಸರಿಗೆ ಗುರುತು ತಿಳಿಯಲಿಲ್ಲವೇ? ತಿಳಿದಿತ್ತು. ಹೆಚ್ಚಿನವು ಇವತ್ತು ಗರ್ಭ ನಿಲ್ಲುವ ದಿನವೆಂದು ಗೊತ್ತಿದ್ದೂ ದಂಪತಿಗಳು ಕೂಡಿದ್ದರಿಂದ ಆದವು. ಆ ರಾತ್ರಿ ಯಾರು ತಡೆದುಕೊಳ್ಳಲಿಲ್ಲವೆಂದು ಅಂಕಿಅಂಶ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಯಾರೆಂದು ನಿಮಗೇ ಗೊತ್ತು. ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿಸಿ, ಇಲ್ಲವೇ ಹೊರಊರಿನ ದುಡಿಮೆಯಿಂದ ತಿಂಗಳ ಮೇಲೆ ಮನೆಗೆ ಬಂದ ಗಂಡನಿಗೆ ‘ಇವತ್ತು ಬೇಡ’ ಎನ್ನುವ ಧೈರ್ಯ ಎಷ್ಟು ಹೆಂಡಂದಿರಿಗಿದೆ? ಕುಡಿದು ಬಂದವನಿಗೆ? ಮಗು ನಿಂತ ಮೇಲೆ ‘ನಿನಗೆ ಲೆಕ್ಕ ಬರಲಿಲ್ಲ’ ಎಂಬ ಮಾತು ಮಾತ್ರ ಅವಳಿಗೆ.

ಅದೇ ವಿಶ್ವಪತ್ರದ 13ನೇ ಪರಿಚ್ಛೇದವನ್ನು ಗಂಡಸರು ಓದಬೇಕು. ಹೆಂಡತಿಯ ಸ್ಥಿತಿಯನ್ನೂ ಇಷ್ಟವನ್ನೂ ಲೆಕ್ಕಿಸದೆ ಹೇರಿದ ಸಂಗ ನಿಜವಾದ ಪ್ರೀತಿಯ ಕ್ರಿಯೆಯಲ್ಲ ಎಂದು ಅಲ್ಲಿದೆ. ಗುಳಿಗೆ ಪಾಪವೇ ಎಂದು ಕೇಳುವವರು ಇದನ್ನೂ ಕೇಳಬೇಕು. ದೂರ ಇರುವುದಾದರೆ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಇರಿ ಎಂದು ಸಂತ ಪೌಲರು ಕೊರಿಂಥದವರಿಗೆ ಹೇಳಿದ್ದೂ ಇಬ್ಬರಿಗೇ.

ಸ್ರಾವದ ಜೊತೆಗೆ ದೇಹದ ಬಿಸಿಯನ್ನೂ ನೋಡಿದರೆ ಲೆಕ್ಕ ಇನ್ನೂ ಗಟ್ಟಿ. ಬೆಳಿಗ್ಗೆ ಏಳುವ ಮುನ್ನ ಥರ್ಮಾಮೀಟರ್ ಇಟ್ಟರೆ, ಅಂಡಾಣು ಬಂದ ಮೇಲೆ ಬಿಸಿ ಸುಮಾರು 0.2 ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ. ಜರ್ಮನಿಯಲ್ಲಿ 900 ಮಹಿಳೆಯರು ಹೀಗೆ ಪಾಲಿಸಿದ್ದನ್ನು 2007ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಗರ್ಭ ನಿಂತದ್ದು 100ರಲ್ಲಿ 2ಕ್ಕಿಂತ ಕಡಿಮೆ. ಅವರೆಲ್ಲ ಚೆನ್ನಾಗಿ ಕಲಿತವರು, ಮನಸ್ಸಿಟ್ಟು ಮಾಡಿದವರು ಎಂಬುದನ್ನು ಮರೆಯಬೇಡಿ. ಹೆರಿಗೆಯಾಗಿ 6 ತಿಂಗಳೊಳಗೆ, ಮುಟ್ಟು ಮರಳಿರದೆ, ಹಗಲೂ ರಾತ್ರಿಯೂ ಎದೆಹಾಲನ್ನೇ ಕೊಡುವ ತಾಯಿಗೆ ಗರ್ಭ ನಿಲ್ಲುವುದು 100ರಲ್ಲಿ 2ಕ್ಕೂ ಕಡಿಮೆ. ಮೂರರಲ್ಲಿ ಒಂದು ತಪ್ಪಿದರೂ ಆ ಭರವಸೆ ಹೋಯಿತು.

ಇನ್ನೊಂದು ಗರ್ಭ ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಹೇಳಿದ ಮನೆಗಳೂ ನಮ್ಮಲ್ಲಿವೆ. ಅಂಥವರು ಕ್ಯಾಲೆಂಡರ್ ನಂಬಿ ಕೂರಬಾರದು. ‘ಫಾದರ್ ಹೇಳಿದ್ದಾರೆ, ಏನೂ ಆಗುವುದಿಲ್ಲ’ ಎಂದು ನನ್ನ ಹೆಸರಿನಲ್ಲಿ ಹೇಳಲೂಬಾರದು. ನಾನು ಹಾಗೆ ಹೇಳಿಲ್ಲ. ಬೆಳಗಾವಿಯೋ ಮೀರಜವೋ, ನೀವು ತೋರಿಸುವ ವೈದ್ಯರಿಂದ ಏನನ್ನೂ ಮುಚ್ಚಿಡದೆ ಕೇಳಿ. ಆಮೇಲೆ ಇಬ್ಬರೂ ನನ್ನ ಬಳಿ ಬನ್ನಿ, ಕುಳಿತು ಮಾತನಾಡೋಣ. ಬಲವಂತ ಮಾಡುವ, ಕುಡಿದು ಬಡಿಯುವ ಗಂಡನಿರುವ ತಾಯಿ ಒಬ್ಬಳೇ ಬರಲಿ. ಅವಳಿಗೆ ಚಾರ್ಟ್ ಕೊಟ್ಟು ಕಳಿಸಿದರೆ ನನ್ನ ಕೆಲಸ ಮುಗಿಯಲಿಲ್ಲ.

ಕಲಿಯಬೇಕೆನ್ನುವ ದಂಪತಿಗಳಿಗೆ ಜನವರಿಯ ಎರಡನೇ ಭಾನುವಾರದಿಂದ ಪೂಜೆಯ ನಂತರ ನರ್ಸ್ ಸಿಸ್ಟರ್ ಒಬ್ಬರು ಸಭಾಂಗಣದಲ್ಲಿ ಕಲಿಸುತ್ತಾರೆ. ಕನಿಷ್ಠ ಮೂರು ತಿಂಗಳು ಬರಬೇಕು. ಚಾರ್ಟ್ ತುಂಬುವ ಕೆಲಸ ಗಂಡನದು: ಬೆಳಿಗ್ಗೆ ಹೆಂಡತಿ ಹೇಳಿದ್ದನ್ನು ಕೇಳಿ ಅವನೇ ಬರೆಯಬೇಕು. ‘ಅವಳು ಕಲಿತು ಬರಲಿ’ ಎಂದು ಹೆಂಡತಿಯೊಬ್ಬಳನ್ನೇ ಕಳಿಸಿದರೆ ಹೆಸರು ಬರೆದುಕೊಳ್ಳುವುದಿಲ್ಲ.